ಸಮೋವರಿನ ನಲ್ಲಿ

ಬಲ್ಖಾಶ್ ಸರೋವರದ ದಂಡೆಯಲ್ಲಿ ಉಲ್ಮೆಕೆನ್‌ಳ ಬಲಗೈಗಿದ್ದ ಮರ್ಯಾದೆ ಅವಳಿಗೂ ಇರಲಿಲ್ಲ. ಅದಕ್ಕೆ ಕಾರಣ ಗಂಡ ಜಾನುಜಾಕನ ಎಡವಟ್ಟು. ಮೀನಿನ ದೋಣಿಗೆ ಹಳೇ ಜೀಪಿನ ಇಂಜಿನ್ ಕೂರಿಸುವಾಗ, ನೀರು ಬಿಡುವ ಬಿರಡೆಯನ್ನು ಪಕ್ಕದ ಹಲಗೆಯ ಕಡೆಗೆ ತಿರುಗಿಸಿ ಕೂರಿಸಿಬಿಟ್ಟಿದ್ದ ಪುಣ್ಯಾತ್ಮ. ಅವನ ದಪ್ಪ ಕೈ ಆ ಸಂದಿಗೆ ಹೋಗದು. ಆದರೆ ನೀರು ಹೊರಬಿಡದೆ ಉಪಾಯವಿಲ್ಲ: ತಂಪಿಗೆಂದು ಇಂಜಿನ್ ಹೀರಿದ ಸರೋವರದ ನೀರು ಒಳಗೇ ಉಳಿದರೆ, ಚಳಿಗೆ ಹೆಪ್ಪುಗಟ್ಟಿ ಕಬ್ಬಿಣವನ್ನೇ ಸೀಳುತ್ತದೆ. ಇಂಜಿನ್ ಹೋದರೆ ಮೀನಿಲ್ಲ, ಮೀನಿಲ್ಲದಿದ್ದರೆ ಒಲೆಯಿಲ್ಲ.

ಹಾಗಾಗಿ ಇಪ್ಪತ್ತೇಳು ವರ್ಷ, ಚಳಿಗಾಲಕ್ಕೆ ದೋಣಿ ದಡಕ್ಕೆಳೆಯುವ ದಿನ ಬಂತೆಂದರೆ ಒಂದೇ ಕೂಗು: "ಏ ಮುದುಕಿ, ಕೈ ತಗೊಂಡ್ ಬಾ!" ಇಪ್ಪತ್ತೊಂಬತ್ತರ ಹರೆಯದಲ್ಲೇ ಅವಳು ಮುದುಕಿಯಾಗಿದ್ದಳು. ಸಂದಿಗೆ ಕೈ ತೂರಿಸಿ, ಕಣ್ಣು ಮುಚ್ಚಿ, ಬೆರಳಲ್ಲೇ ಬಿರಡೆ ಹುಡುಕಿ ತಿರುಗಿಸುತ್ತಿದ್ದಳು. ಕೆಳಗಿಟ್ಟ ತಟ್ಟೆಗೆ ಬಿದ್ದ ನೀರನ್ನೆಲ್ಲ ಬಕೆಟ್ಟಿಗೆ ಸುರಿದುಕೊಂಡು, ಬಿಸ್ಮಿಲ್ಲಾ ಎಂದು ಸರೋವರಕ್ಕೇ ಚೆಲ್ಲುತ್ತಿದ್ದಳು. ಸರೋವರದ್ದು ಸರೋವರಕ್ಕೆ. ಪ್ರತಿ ವರ್ಷವೂ ಸರಿಯಾಗಿ ಒಂದು ತುಂಬು ಬಕೆಟ್.

ಈ ಸಲ ಬೇಸಿಗೆಯಲ್ಲೇ ಅವಳ ಬೆರಳ ಗಂಟುಗಳು ಊದಿಕೊಂಡವು. ಸೆಪ್ಟೆಂಬರಿನಲ್ಲಿ ಪರೀಕ್ಷೆಗೆಂದು ಕೈ ತೂರಿಸಿದಳು. ಬೆರಳು ಬಿರಡೆಯನ್ನು ಮುಟ್ಟಿತು, ಹಿಡಿಯಲಿಲ್ಲ. ಎಂದೂ ಅಳದ ಹೆಂಗಸು ದೋಣಿಯ ತಳದಲ್ಲಿ ಕೂತು ಅತ್ತಳು. ಉಪಾಯ ಹೊಳೆದದ್ದೂ ಅವಳಿಗೇ. ಅಟ್ಟದ ಮೇಲೆ ತಳ ತೂತಾಗಿ ಬಿದ್ದಿದ್ದ, ತವರುಮನೆಯಿಂದ ಬಂದ ಸಮೋವರಿನಿಂದ, ಚಹಾದ ನೀರು ಕಾಯಿಸುವ ಆ ಹಂಡೆಯಿಂದ, ಹಿತ್ತಾಳೆ ನಲ್ಲಿ ಬಿಚ್ಚಿ ಗಂಡನ ಕೈಗಿಟ್ಟಳು.

"ನಿಮ್ಮಮ್ಮ ಕೊಟ್ಟಿದ್ದಲ್ವೇನೇ ಇದು?"

"ಅಮ್ಮ ಚಹಾಕ್ಕೆ ಕೊಟ್ಲು. ನೀವು ದೋಣಿಗೆ ಹಾಕಿ."

ಜಾನುಜಾಕ್ ಸರಪಳಿ ಕಟ್ಟಿ ಇಂಜಿನ್ನನ್ನು ಒಂದು ಗೇಣು ಎತ್ತಿದ. ಬಿರಡೆ ತೆಗೆದು ರಬ್ಬರ್ ಪೈಪು ಸಿಕ್ಕಿಸಿ, ಅದರ ತುದಿಗೆ ನಲ್ಲಿ ಹಾಕಿ, ಮುಂದಿನ ಹಲಗೆಗೆ ಬಿಗಿದ. ಮತ್ತೆ ಎರಡು ತಿಂಗಳು ಮೀನು ಹಿಡಿದ.

ನವೆಂಬರಿನ ಒಂದು ಮಧ್ಯಾಹ್ನ, ರಾತ್ರಿಗೆ ಗಟ್ಟಿ ಚಳಿ ಬೀಳುತ್ತದೆಂದು ರೇಡಿಯೋ ಹೇಳಿತು. ದಡಕ್ಕೆಳೆದಿದ್ದ ದೋಣಿಯ ಇಂಜಿನ್ನಿನ ನೀರು ಬಿಡಲು ಜಾನುಜಾಕ್ ಒಬ್ಬನೇ ಎದ್ದ. "ನೀನ್ಯಾಕೆ ಬರ್ತೀಯ ಈ ಗಾಳಿಗೆ? ನಲ್ಲಿ ಇದೆಯಲ್ಲ."

ಒಳ್ಳೆಯ ಮಾತೇ. ಆದರೆ ಕೈ ಬೇಡವಾದರೆ ತಾನೂ ಬೇಡವಾದೆನೇ ಎಂದು ಉಲ್ಮೆಕೆನ್‌ಗೆ ಅನಿಸಿತು. ಶಾಲು ಹೊದ್ದು, ಯಾರೂ ಕರೆಯದಿದ್ದರೂ ಬಕೆಟ್ ಹಿಡಿದು ಹಿಂದೆಯೇ ಹೋದಳು.

ನಲ್ಲಿ ತಿರುಗಿತು. ನೀರು ಸುರಿಯಿತು, ಸಣ್ಣಗಾಯಿತು, ನಿಂತಿತು. "ನೋಡಿದ್ಯಾ! ಚಹಾ ಬಗ್ಗಿಸಿದ ಹಾಗೆ," ಎಂದು ಜಾನುಜಾಕ್ ಮೀಸೆ ತಿರುವಿದ.

ಅವಳು ಬಕೆಟ್ ನೋಡಿದಳು. "ಅರ್ಧ ಬಂದಿದೆ. ಇನ್ನರ್ಧ ಎಲ್ಲಿ?"

"ಇದ್ದಿದ್ದೇ ಅಷ್ಟು."

"ಇಪ್ಪತ್ತೇಳು ವರ್ಷ ತುಂಬಿದ ಬಕೆಟ್ಟು ಈ ವರ್ಷ ಉಪವಾಸ ಮಾಡ್ತಾ?" ಎಂದು ಪೈಪಿನ ಮೇಲೆ ಕೈಯಾಡಿಸುತ್ತ ಹೋದಳು. ಪೈಪು ಬಿರಡೆಯ ತೂತಿನಿಂದ ಮೇಲಕ್ಕೆ ಹತ್ತಿ ನಲ್ಲಿಗೆ ಸೇರಿತ್ತು. "ಯಜಮಾನ್ರೇ, ಸಮೋವರಿನ ನಲ್ಲಿ ತಳದಲ್ಲಿ ಯಾಕಿರುತ್ತೆ? ಇಷ್ಟು ವರ್ಷ ಚಹಾ ಕುಡಿದಿದ್ದು ದಂಡ! ತೂತಿಗಿಂತ ಮೇಲಿಟ್ರೆ ಉಳಿದ ನೀರು ಏಣಿ ಹಾಕ್ಕೊಂಡ್ ಬರುತ್ತಾ?"

ಜಾನುಜಾಕ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಆಮೇಲೆ ನೆಲ ನೋಡುತ್ತ ಹೇಳಿದ: "ನೀನು ಬಗ್ಗಬಾರ್ದು ಅಂತ ಅಲ್ಲಿಟ್ಟೆ ಕಣೇ. ನಿನ್ನ ಸೊಂಟದ ಎತ್ತರ ಅಳೆದು ಇಟ್ಟಿದ್ದು."

ಬಾಯಿತುದಿಗೆ ಬಂದಿದ್ದ ಬೈಗುಳವನ್ನು ಉಲ್ಮೆಕೆನ್ ನುಂಗಿಕೊಂಡಳು. ಎರಡು ತಿಂಗಳ ಹಿಂದೆಯೇ ಈ ಮನುಷ್ಯ ತನ್ನನ್ನು ಲೆಕ್ಕಕ್ಕೆ ಹಿಡಿದಿದ್ದನಲ್ಲ! ಕಣ್ಣು ತುಂಬಿತು, ತಪ್ಪನ್ನು ಗಾಳಿಯ ಮೇಲೆ ಹಾಕಿ ಶಾಲಿನಿಂದ ಒರೆಸಿಕೊಂಡಳು.

"ಬಿಚ್ಚಿ ಅದನ್ನ. ಕೆಳಗಿಡಿ. ನೀವೇ ಬಗ್ಗಿ."

ಅವನು ಮಂಡಿಯೂರಿ ಬಗ್ಗಿದ. ನಲ್ಲಿ ತಳಕ್ಕಿಳಿದದ್ದೇ ತಡ, ಒಳಗೆ ಅವಿತಿದ್ದ ನೀರು ಗುಳುಗುಳು ಇಳಿಯತೊಡಗಿತು.

"ಸಾಕಾ?" ತಲೆಯೆತ್ತದೆ ಕೇಳಿದ.

"ಇನ್ನೊಂದು ಬಟ್ಟಲು ನೀರಿದೆ."

ಕಾದ. ಇನ್ನೊಂದು ಬಟ್ಟಲು ಬಂತು. ಬಕೆಟ್ ತುಂಬಿತು.

"ಈಗ ಸಾಕು," ಎಂದಳು. ಅವಳು ಹೇಳಿದ ಮೇಲೆಯೇ ಅವನು ಎದ್ದ. ಬಕೆಟ್ಟಿನ ಹಿಡಿಯನ್ನು ಆಚೆಗೊಬ್ಬರು ಈಚೆಗೊಬ್ಬರು ಹಿಡಿದು, ನೀರಂಚಿಗೆ ನಡೆದರು.