ಅವ್ವನ ಬಾಣಂತನಕ್ಕೆ ನಾನು ಕಾಸಿದ ಕೋಳಿ ರಸ

ನಮ್ಮೂರಿಗೆ ದಿನಕ್ಕೆ ಒಂದೇ ಬಸ್ಸು ಬರುತ್ತಿದ್ದ, ನೆಗಡಿಯಿಂದ ಬಾಣಂತನದವರೆಗೆ ಎಲ್ಲಕ್ಕೂ ಕೋಳಿ ರಸವೇ ಔಷಧಿಯಾಗಿದ್ದ ಕಾಲ ಅದು. ಐ.ಡಿ.ಹಳ್ಳಿ ಪಕ್ಕದ ನಮ್ಮೂರಿನಲ್ಲಿ ಕೋಳಿ ಇಲ್ಲದ ಹಿತ್ತಿಲೇ ಇರಲಿಲ್ಲ. ನನಗಾಗ ಹತ್ತು ವರ್ಷ.

ಆ ಸಲ ಕಡಲೆಕಾಯಿ ಕೀಳುವ ಕಾಲದಲ್ಲಿ ಅವ್ವನಿಗೆ ಅಂದುಕೊಂಡಿದ್ದಕ್ಕಿಂತ ಹದಿನೈದು ದಿನ ಮೊದಲೇ ಹೆರಿಗೆಯಾಯಿತು. ಗಂಡು ಮಗು. ಬಾಣಂತನಕ್ಕೆ ಬರಬೇಕಿದ್ದ ಅಜ್ಜಿ ಇನ್ನೂ ಪಾವಗಡದ ಆಚೆ ತನ್ನೂರಿನಲ್ಲೇ ಇದ್ದಳು. ಅವಳನ್ನು ಕರೆತರಲು ಅಪ್ಪ ಬಸ್ಸು ಹತ್ತಿದ. ಮನೆಯಲ್ಲಿ ಉಳಿದದ್ದು ಅವ್ವ, ಮಗು, ನಾನು, ಜೊತೆಗೆ ಸೂಲಗಿತ್ತಿ ಹನುಮಕ್ಕ.

ಎರಡನೆಯ ದಿನವೂ ಅವ್ವನಿಗೆ ಹಾಲಿಳಿಯಲಿಲ್ಲ. ಮಗು ಅತ್ತು ಅತ್ತು ಗಂಟಲು ಕಟ್ಟಿತ್ತು. ಒಂದು ತುತ್ತೂ ಸೇರದೆ ಅವ್ವನ ಮುಖ ಬಿಳುಚಿಕೊಂಡಿತ್ತು. ಹನುಮಕ್ಕ ಹಿತ್ತಿಲಿನಿಂದ ಇನ್ನೂ ಮೊಟ್ಟೆಗೆ ಬಾರದ ಹ್ಯಾಟೆಯೊಂದನ್ನು ಹಿಡಿದು ತಂದು ಕುಯ್ದಳು. ಪುಕ್ಕ ಕಿತ್ತು, ಸುಟ್ಟು, ಅರಿಶಿನ ಹಚ್ಚಿ ತೊಳೆದು, ತುಂಡು ಮಾಡಿದಳು. ಅಷ್ಟರಲ್ಲಿ ಪಕ್ಕದ ಹಟ್ಟಿಯವರು ಇನ್ನೊಂದು ಹೆರಿಗೆಗೆಂದು ಅವಳನ್ನು ಕರೆಯಲು ಓಡಿಬಂದರು.

“ಚೆನ್ನಾಗಿ ಬೇಯ್ಸಿ ರಸ ಕುಡ್ಸು ಕಣಮ್ಮ. ಹೆದರ್ಕೋಬ್ಯಾಡ,” ಎಂದವಳೇ ಹೊರಟುಬಿಟ್ಟಳು.

ಅಲ್ಲಿಯವರೆಗೆ ನಾನು ಒಲೆ ಹಚ್ಚಿದ್ದೆ, ಮುದ್ದೆಗೆ ಎಸರಿಟ್ಟಿದ್ದೆ, ಅಷ್ಟೇ. ಗೋಡೆಯಾಚೆ ಮಲಗಿದ್ದ ಅವ್ವನನ್ನು ಕೂಗಿದೆ. “ಅವ್ವಾ, ಮೆಣಸು ಎಷ್ಟಾಕ್ಲಿ?”

“ಒಂದ್ ಹಿಡಿ. ನಿನ್ ಹಿಡಿ ಕಣೇ, ನನ್ ಹಿಡಿ ಅಲ್ಲ!”

ಮೆಣಸು, ಜೀರಿಗೆ, ಬೆಳ್ಳುಳ್ಳಿಯನ್ನು ಒಳಕಲ್ಲಿನಲ್ಲಿ ಅರೆದೆ. ಜಾಲಿ ಸೌದೆಯ ಹೊಗೆಗೆ ಕಣ್ಣು ಉರಿಯುತ್ತಿತ್ತು. ಇದ್ದಕ್ಕಿದ್ದಂತೆ ಮಗುವಿನ ಅಳು ನಿಂತುಹೋಯಿತು. ಓಡಿಹೋಗಿ ನೋಡಿದರೆ ಅವ್ವನ ಬೆರಳು ಚೀಪುತ್ತಾ ನಿದ್ದೆ ಹೋಗಿತ್ತು. ಮತ್ತೆ ಬಂದು ಕೂತವಳು, ಮಡಕೆಯಲ್ಲಿ ಹಳದಿ ಜಿಡ್ಡು ತೇಲಿ ಘಮ ಬೀದಿಗೆ ಹೋಗುವ ತನಕ ಏಳಲಿಲ್ಲ.

ಮೊದಲ ಗುಟುಕಿಗೇ ಅವ್ವ ಕೆಮ್ಮಿದಳು.

“ಖಾರ ಆಗ್ಬುಡ್ತಾ?” ಎನ್ನುವಷ್ಟರಲ್ಲಿ ನನಗೆ ಅಳು ಬಂದಿತ್ತು.

“ಇಂಗೇ ಇರ್ಬೇಕು, ಸುಮ್ಕಿರು. ಇನ್ನೊಂದ್ ಸೌಟು ಹಾಕು.”

ಬಟ್ಟಲು ಬರಿದಾಗುವಾಗ ಅವಳ ಹಣೆಯ ಮೇಲೆ ಬೆವರು ಮೂಡಿತ್ತು. ಸಂಜೆ ಇನ್ನೊಂದು ಬಟ್ಟಲು ಕುಡಿದಳು, ಬಿಸಿ ಅನ್ನವನ್ನೂ ಉಂಡಳು. ಮಾರನೆಯ ಬೆಳಿಗ್ಗೆ ನನಗೆ ಎಚ್ಚರವಾದದ್ದು ತಮ್ಮ ಗುಟುಕುಗುಟುಕಾಗಿ ಹಾಲು ಕುಡಿಯುವ ಸದ್ದಿಗೆ.

ಮಧ್ಯಾಹ್ನ ಅಪ್ಪನ ಜೊತೆ ಬಂದಿಳಿದ ಅಜ್ಜಿ, ಮಗುವಿನ ಮುಖ ನೋಡಿದವಳೇ ಅಡುಗೆಮನೆಗೆ ನಡೆದಳು. ಕಾಸಿಟ್ಟಿದ್ದ ರಸವನ್ನು ಅಂಗೈಗೆ ಹಾಕಿಕೊಂಡು ನೆಕ್ಕಿದಳು.

“ಯಾರೇ ಮಾಡಿದ್ದು? ಹನುಮಕ್ಕನಾ?”

“ನನ್ ಮಗಳು,” ಎಂದಳು ಅವ್ವ, ಒಳಗಿನಿಂದ.

“ನಾ ತಲ್ಲೀ!” ಎಂದು ಅಜ್ಜಿ ತನ್ನ ತೆಲುಗಿನಲ್ಲೇ, ‘ನನ್ನ ತಾಯಿ’ ಎಂದು ಮುದ್ದಿಸಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, “ಒಲೆ ನೀನೇ ನೋಡ್ಕೋ. ನಾನು ಬಾಣಂತಿಗೆ ನೀರು ಹಾಕ್ತೀನಿ,” ಎಂದಳು. ಆ ಬಾಣಂತನ ಮುಗಿಯುವವರೆಗೂ ರಸ ಕಾಸಿದ್ದು ನಾನೇ. ಬೀದಿಯಲ್ಲಿ ತಲೆ ಎತ್ತಿಕೊಂಡು ಓಡಾಡಿದೆ.

ಈಗ ಊರಿನ ಹಿತ್ತಿಲುಗಳಲ್ಲಿ ಕೋಳಿಗಳಿಲ್ಲ; ಅಂಗಡಿಯಿಂದ ಕಪ್ಪು ಕವರಿನಲ್ಲಿ ಬರುತ್ತವೆ. ಮಗಳ ಬಾಣಂತನಕ್ಕೆ ಒಳ್ಳೆ ನಾಟಿಕೋಳಿಗಾಗಿ ಮಧುಗಿರಿಯೆಲ್ಲ ಸುತ್ತಿದೆ. ಆಗಿನ ನನ್ನಷ್ಟೇ ವಯಸ್ಸಿನ ಮೊಮ್ಮಗಳು ಒಲೆಯ ಹತ್ತಿರ ಬಂದರೆ ನಾನೇ ಬೆದರಿ ಅವಳನ್ನು ಹಿಂದಕ್ಕೆಳೆಯುತ್ತೇನೆ. ಎಳೆಯುವುದೇ ಸರಿಯಿರಬಹುದು. ಆದರೂ, ಇಡೀ ಮನೆ ತನ್ನೊಬ್ಬಳನ್ನೇ ನಂಬಿಕೊಂಡು ಕಾದಿರುವುದು ಎಂದರೇನೆಂದು ಅವಳಿಗೆ ಹೇಗೆ ತಿಳಿಯಬೇಕು?