ನಾಲ್ಕನೇ ಮಹಡಿಯ ಲೆಕ್ಕ

ವಾರ್ಡಿನವರು ಅವಳನ್ನು ಬಿರುಗಾಳಿ ಎಂದೇ ಕರೆಯುತ್ತಿದ್ದರು. ವಿಶ್ವವಿದ್ಯಾಲಯದ ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ ಕಾಲಿಗೆ ಚಕ್ರ ಕಟ್ಟಿಕೊಂಡಂತೆ ಓಡಾಡಿದ ನರ್ಸು ಅವಳು. ರೋಗಿಗಳನ್ನು ಎತ್ತಿ ಕೂರಿಸಿ, ಎತ್ತಿ ಮಲಗಿಸಿ ಸೊಂಟ ಕೈಕೊಟ್ಟಿತು. ಇನ್ನು ಭಾರ ಎತ್ತಕೂಡದು ಎಂದರು ಡಾಕ್ಟರು. ಬೇರೆಯವರಾಗಿದ್ದರೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಇವಳು ಅದೇ ವಿಶ್ವವಿದ್ಯಾಲಯದ ಸಂಜೆ ತರಗತಿಗೆ ಸೇರಿ, ಮಗಳ ವಯಸ್ಸಿನವರ ಪಕ್ಕ ಕೂತು ಡೇಟಾ ವಿಶ್ಲೇಷಣೆ ಕಲಿತಳು. ಕಲಿತು, ಆಸ್ಪತ್ರೆಯ ಡೇಟಾ ವಿಭಾಗದಲ್ಲೇ ಆರು ತಿಂಗಳ ಪ್ರೊಬೇಷನ್ ಮೇಲೆ ಕೆಲಸ ಹಿಡಿದಳು. ಕಾಯಂ ಆಗಲೇಬೇಕಿತ್ತು. ವಾರ್ಡಿಗೆ ಮರಳಲು ಸೊಂಟ ಒಪ್ಪದು, ಬೇರೆ ಕೆಲಸ ಹುಡುಕಲು ವಯಸ್ಸು ಬಿಡದು.

"ಕೂತಲ್ಲೇ ಸಂಬಳ. ನನ್ನ ಸೊಸೆ ಈಗ ಮಹಾರಾಣಿ," ಎಂದು ಅತ್ತೆ ಕೆಣಕುತ್ತಿದ್ದರು.

"ನೀವೂ ಬನ್ನಿ ಅತ್ತೆ, ಕುರ್ಚಿ ಖಾಲಿ ಇದೆ. ಆದ್ರೆ ಅಲ್ಲಿ ಬಾಯಿಗೆ ಬೀಗ ಹಾಕ್ಕೊಂಡು ಕೂರ್ಬೇಕು. ನಿಮ್ಮಿಂದ ಆಗುತ್ತಾ?"

ಯಾವ ವಾರ್ಡಿನ ರೋಗಿಗಳು ಬೇಗ ಗುಣವಾಗಿ ಮನೆ ಸೇರುತ್ತಾರೆ ಎಂದು ಕಂಡುಹಿಡಿಯುವುದು ಅವಳಿಗೆ ಒಪ್ಪಿಸಿದ ಮೊದಲ ದೊಡ್ಡ ಕೆಲಸ. ಲೆಕ್ಕ ಹಾಕಿ ನೋಡಿದರೆ ಅವಳ ನಾಲ್ಕನೇ ಮಹಡಿಯೇ ಎಲ್ಲಕ್ಕಿಂತ ಮುಂದೆ! ವಿಭಾಗದ ಮುಖ್ಯಸ್ಥರಾದ ಪ್ರೊಫೆಸರು ಹಿಗ್ಗಿದರು.

"ಭೇಷ್! ನಾಳೆ ಸಭೇಲಿ ತೋರ್ಸಿ. ಎಲ್ಲ ವಾರ್ಡಿಗೂ ನಾಲ್ಕನೇ ಮಹಡಿ ಪದ್ಧತೀನೇ ತರೋಣ. ನಿಮ್ಮ ಕೆಲಸಾನೂ ಅಲ್ಲೇ ಕಾಯಂ ಮಾಡಿಸ್ತೀನಿ."

ಅವಳು ನೆಟ್ಟಗೆ ನಾಲ್ಕನೇ ಮಹಡಿಗೆ ಹೋದಳು. ಎಲ್ಲರೂ ದೊಡ್ಡಕ್ಕ ಎನ್ನುವ ಹಿರಿಯ ನರ್ಸು ದಿಂಬಿಗೆ ಗವಸು ತೊಡಿಸುತ್ತಿದ್ದಳು. ಸುದ್ದಿ ಕೇಳಿ ಮುಸಿಮುಸಿ ನಕ್ಕಳು.

"ಲೇ ಬಿರುಗಾಳಿ, ನಮ್ಮಲ್ಲಿ ಯಾರೇ ಅಷ್ಟು ಬೇಗ ಗುಣ ಆದೋರು? ಸ್ವಲ್ಪ ಬಿಗಡಾಯಿಸಿದ್ರೆ ಸಾಕು, ಕೆಳಗೆ ಐಸಿಯುಗೆ ಕಳಿಸ್ತೀವಿ. ನೀನೇ ಎಷ್ಟು ಜನರನ್ನ ತಳ್ಕೊಂಡು ಹೋಗಿಲ್ಲ?"

ಅವಳ ಮುಖ ಕಪ್ಪಿಟ್ಟಿತು. ಆ ಮಹಡಿಯಿಂದ ಹೊರಟವರನ್ನೆಲ್ಲ ಮನೆಗೆ ಹೋದವರೆಂದೇ ಎಣಿಸಿಬಿಟ್ಟಿದ್ದಳು. ಆಕ್ಸಿಜನ್ ಸಿಲಿಂಡರ್ ಕಾಲಿಗೆ ಬಡಿಯುತ್ತಿದ್ದರೂ ಲೆಕ್ಕಿಸದೆ ತಾನೇ ಲಿಫ್ಟಿನವರೆಗೆ ತಳ್ಳಿದ ಜೀವಗಳು, ಕಂಪ್ಯೂಟರ್ ಮುಂದೆ ಕೂತೊಡನೆ ಮರೆತೇ ಹೋಗಿದ್ದವು.

"ಸುಮ್ನಿದ್ಬಿಡೇ," ಎಂದಳು ದೊಡ್ಡಕ್ಕ. "ನಮ್ಮ ವಾರ್ಡಿಗೂ ಹೆಸರು, ನಿನಗೂ ಕೆಲಸ."

"ಆಗಲ್ಲ ಅಕ್ಕ. ಬೇರೆ ವಾರ್ಡಿನೋರು ನಮ್ಮನ್ನ ನೋಡಿ ಏನ್ ಕಲೀತಾರೆ? ಕಷ್ಟದಲ್ಲಿರೋರನ್ನ ಬೇಗ ಸಾಗಹಾಕೋದನ್ನಾ?"

ಬೆಳಿಗ್ಗೆ ಸಭೆಗೆ ಮುಂಚೆಯೇ ಪ್ರೊಫೆಸರರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಅವರು ಹಣೆ ಒತ್ತಿಕೊಂಡರು.

"ನಿಮ್ಮ ಕಾಯಂ ವಿಷಯ ಇವತ್ತೇ ಬರುತ್ತಲ್ಲಮ್ಮ! ಈಗ ತೋರ್ಸೋಕೆ ಏನಿದೆ?"

"ತಪ್ಪಿದೆ ಸಾರ್. ಅದನ್ನೇ ತೋರಿಸ್ತೀನಿ."

ತೋರಿಸಿದಳು. ಸಭೆಯವರು ಗೊಣಗಿದರು. ಪ್ರೊಬೇಷನ್ ಅವಧಿ ಮತ್ತೆ ಆರು ತಿಂಗಳು ಮುಂದಕ್ಕೆ ಹೋಯಿತು, ಲೆಕ್ಕವನ್ನು ಹೊಸದಾಗಿ ಮಾಡಬೇಕೆಂದಾಯಿತು.

"ಪಟ್ಟಾಭಿಷೇಕ ನಿಂತೋಯ್ತಾ, ಮಹಾರಾಣಿ?" ಎಂದರು ಅತ್ತೆ, ತಟ್ಟೆ ಮುಂದಿಡುತ್ತ.

"ನಿಂತಿಲ್ಲ ಅತ್ತೆ, ಮುಂದಕ್ಕೆ ಹೋಗಿದೆ. ಬಿಡೋಳಲ್ಲ ನಾನು."

ಮರುದಿನ ಅವಳು ಕಂಪ್ಯೂಟರ್ ಮುಂದೆ ಕೂರಲಿಲ್ಲ. ಕಪಾಟಿನ ತಳದಲ್ಲಿದ್ದ ವಾರ್ಡಿನ ದಿನಗಳ ಹಳೆಯ ರಬ್ಬರ್ ಅಡಿಯ ಬೂಟು ತೊಟ್ಟು ನಾಲ್ಕನೇ ಮಹಡಿಗೆ ಹತ್ತಿದಳು.

"ಏನೇ, ಸೊಂಟ ನೆಟ್ಟಗಾಯ್ತಾ?" ಎಂದಳು ದೊಡ್ಡಕ್ಕ.

"ಎತ್ತೋಕೆ ಬಂದಿಲ್ಲ ಅಕ್ಕ. ಇಲ್ಲಿಂದ ಯಾರ್ಯಾರು ಎಲ್ಲೆಲ್ಲಿಗೆ ಹೋಗ್ತಾರೆ ನೋಡ್ಬೇಕು."

ಅಷ್ಟರಲ್ಲಿ ಒಂದು ಸ್ಟ್ರೆಚರ್ ಹೊರಟಿತು. ಅವಳು ಅದರ ಹಿಂದೆಯೇ ನಡೆದಳು.