ಮೇಜಿನ ಮೇಲಿನ ಚಾ ಗ್ಲಾಸು

ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ ನಾನು ಹೊನ್ನಾವರದ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ತೂಕ ಇಳಿಸುವ ಆಪರೇಶನ್ ಆಗುತ್ತಿದ್ದುದು ಮಂಗಳೂರಿನಲ್ಲಿ. ರೋಗಿಗಳು ಅಲ್ಲಿಗೆ ಹೋಗುವ ಮೊದಲು ಅದರ ಒಳಹೊರಗನ್ನು ತಿಳಿಸಿ ಹೇಳಿ, ಒಪ್ಪಿಗೆ ಕಾಗದಕ್ಕೆ ಸಹಿ ಪಡೆಯುವ ಕೆಲಸ ನನ್ನದು. ಪಾಠ ಮಾಡುತ್ತಿದ್ದೆನಲ್ಲ, ಜನ ನನ್ನನ್ನು ಶಾಲೆಯ ಟೀಚರಂತೆ ‘ಅಕ್ಕೋರೆ’ ಎಂದೇ ಕರೆಯುತ್ತಿದ್ದರು. ಆ ಕರೆಯನ್ನು ಇನ್ನೊಮ್ಮೆ ಕೇಳಬೇಕೆಂದು ಈಗಲೂ ಆಸೆಯಾಗುತ್ತದೆ.

ನನ್ನ ಪಾಠಕ್ಕೆ ಇದ್ದದ್ದು ಕ್ಯಾಂಟೀನಿನಿಂದ ತಂದ ಒಂದು ಚಾ ಗ್ಲಾಸು. “ಹೊಟ್ಟೆ ಇನ್ನು ಹಿಡಿಯುವುದು ಇಷ್ಟೇ” ಎಂದು ತೋರಿಸಿದರೆ ಎಲ್ಲರೂ “ಆತು, ಆತು” ಎಂದು ತಲೆಯಾಡಿಸಿ ಪೆನ್ನು ಕೇಳುವವರೇ. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಕೇಳಿದ್ದನ್ನು ತಿರುಗಿ ಹೇಳದವರಿಗೆ ಪೆನ್ನು ಕೊಡುತ್ತಿರಲಿಲ್ಲ.

ಕುಮಟೆ ಕಡೆಯ, ತರಕಾರಿ ಬೆಳೆಯುವ ಮನೆಯ ಹೆಂಗಸೊಬ್ಬಳು ಮಾತ್ರ ಎಲ್ಲವನ್ನೂ ಒಪ್ಪವಾಗಿ ತಿರುಗಿ ಹೇಳಿದಳು. ಮೊದಮೊದಲು ಬರೀ ಗಂಜಿತಿಳಿ, ಆಮೇಲೂ ಜೀವಮಾನವಿಡೀ ಸ್ವಲ್ಪವೇ ಊಟ, ತಪ್ಪದೆ ಗುಳಿಗೆ, ಮೀರಿ ತಿಂದರೆ ವಾಂತಿ. ಆಪರೇಶನ್ನಿನಲ್ಲಿ ಜೀವಕ್ಕೇ ಅಪಾಯವಾದರೂ ಆಗಬಹುದು. ಸಕ್ಕರೆ ಕಾಯಿಲೆ, ಮಂಡಿನೋವುಗಳಿಂದ ಗದ್ದೆಗಿಳಿಯಲಾಗದೆ ಸೋತಿದ್ದಳು. ಆದರೂ ಪೆನ್ನು ಮುಟ್ಟಲಿಲ್ಲ.

“ನಮ್ಮ ಅವ್ವಿಗೆ ಹೇಳಿ ಅಕ್ಕೋರೆ. ಅವ್ಳು ಬಡ್ಸೂಕೆ ಬಂದ್ರೆ ನಂಗೆ ಬ್ಯಾಡ ಅನ್ನೂಕೆ ಆಗುದಿಲ್ಲ.”

ಮರುವಾರ ತಾಯಿಯನ್ನು ಕರೆತಂದಳು. ಮುದುಕಿ ನನ್ನ ಮಾತನ್ನೆಲ್ಲ ಕೇಳಿ, ಗ್ಲಾಸನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ನಮ್ಮ ಕಡೆ ತಾಯಂದಿರು ಅಕ್ಕರೆಯನ್ನು ಬಾಯಿಬಿಟ್ಟು ಹೇಳುವವರಲ್ಲ. ಬೇಡ ಬೇಡ ಎಂದರೂ ಇನ್ನೊಂದು ಸೌಟು ಹಾಕುವವರು.

“ಹಾಂಗಾರೆ ನಾ ನನ್ನ ಮಗ್ಳಿಗೆ ಎಂತ ಕೊಡೂದು?” ಎಂದಳು.

“ಹತ್ರ ಕೂತ್ಕಳಿ ಅಮ್ಮ. ಅವ್ಳು ಉಂಡು ಮುಗ್ಸೂ ತನ್ಕ ಏಳಬ್ಯಾಡಿ” ಎಂದೆ. ಮುದುಕಿ ಗ್ಲಾಸನ್ನು ಮೇಜಿನ ಮೇಲಿಟ್ಟು, ಪೆನ್ನನ್ನು ತಾನೇ ಮಗಳತ್ತ ಸರಿಸಿದಳು.

ಆಪರೇಶನ್ ಆಗಿ ಎಷ್ಟೋ ತಿಂಗಳ ಮೇಲೆ ಅವರ ಮನೆಗೆ ಹೋದೆ. ಮಗಳು ಗದ್ದೆಯಿಂದ ನಡೆದೇ ಬಂದಳು. ತಾಯಿ ನನಗೂ ತಟ್ಟೆ ಹಾಕಿ, ಮಗಳ ಮುಂದೆ ಒಂದಿಷ್ಟೇ ಅನ್ನ, ಮೀನುಸಾರು ಇಟ್ಟು ಪಕ್ಕದಲ್ಲಿ ಕೂತಳು. ಮಗಳು ಮೆಲ್ಲಗೆ ಅಗಿದು ಉಂಡು “ಸಾಕು” ಎಂದಳು. ಸೌಟು ಹಿಡಿದ ತಾಯಿಯ ಕೈ ಮಗಳ ತಟ್ಟೆಯತ್ತ ಹೋಗಿ, ಅರ್ಧದಲ್ಲೇ ನಿಂತು, ನನ್ನ ಕಡೆ ತಿರುಗಿತು. ಅನ್ನ, ಸಾರು, ಮೀನಿನ ಹೋಳು, ಮತ್ತೆ ಅನ್ನ.

ಊರಿಗೆಲ್ಲ ‘ಸಾಕು’ ಎನ್ನಲು ಕಲಿಸಿದವಳು ನಾನು. ಅವತ್ತು ಅದನ್ನು ಹೇಳಲು ನನಗೇ ಬಾಯಿ ಬರಲಿಲ್ಲ, ಬಡಿಸಿದ್ದಷ್ಟನ್ನೂ ಉಂಡೆ.